ಎರಡು ರಿಂಗಿನ ಲೆಕ್ಕ

ಬೈತಖೋಲಿನ ಬಂದರಿಗೆ ಇಳಿಯುವ ದಾರಿಯಲ್ಲಿ
ಆರಡಿಗೆ ಎಂಟಡಿಯ ನನ್ನ ಅಂಗಡಿ.
ಕರೆನ್ಸಿ ಹಾಕುತ್ತೇನೆ, ಒಡೆದ ಗಾಜು ಬದಲಿಸುತ್ತೇನೆ,
ಉಪ್ಪುನೀರು ಕುಡಿದ ಫೋನುಗಳನ್ನು
ಅಕ್ಕಿ ಡಬ್ಬಿಯಲ್ಲಿ ಮಲಗಿಸುತ್ತೇನೆ.
ಮಸ್ಕತ್ತು ನಾನು ಕಂಡವನಲ್ಲ.
ಆದರೂ ಅಲ್ಲಿಗೆ ಹೊರಟವರು
ಮೊದಲು ನನ್ನ ಮೆಟ್ಟಿಲು ಹತ್ತುತ್ತಾರೆ.

ಸಂಕ್ರಾಂತಿಯ ಮರುದಿನ ಬುದವಂತಿಯಕ್ಕ ಬಂದಳು,
ಮೀನಿನ ಬುಟ್ಟಿ ಹೊರಗಿಟ್ಟು, ಕೈ ಸೆರಗಿಗೆ ಒರೆಸಿ.
ಮಗಳ ಬಾಣಂತನಕ್ಕೆ ಮೂರು ತಿಂಗಳು.
ವೀಸಾ ಬಂದಿದೆ, ಮುರುಗಲ ಸಿಪ್ಪೆ, ಒಣ ಶೆಟ್ಲಿ
ಕಟ್ಟಿ ಆಗಿದೆ.
"ತಮಾ, ಈ ಡಬ್ಬಿ ಅಲ್ಲಿ ಮಾತಾಡ್ತದಾ?
ಮಾತಾಡಿದ್ರೆ ಎಷ್ಟು ತಿಂತದೆ?"

ಮೂವತ್ತು ವರ್ಷ ಮೀನು ಮಾರಿದವಳ ಮುಂದೆ
ದರ ಹೇಳುವುದೆಂದರೆ ನಾಲಗೆ ಒಣಗುತ್ತದೆ.
ನಿಮಿಷಕ್ಕಿಷ್ಟು, ಅಂದೆ.
"ಅಷ್ಟಕ್ಕೆ ಒಂದು ಪಾಲು ಬಂಗಡೆ ಬರ್ತದಲ್ಲೋ!
ಹಲೋ ಅನ್ನೂದ್ರೊಳಗೆ ತಲೆ ಹೋಯ್ತು,
ಉಂಡ್ರಾ ಅನ್ನೂದ್ರೊಳಗೆ ಬಾಲ."

ಹಾಗಾದರೆ ಕೇಳು, ಅಕ್ಕ.
ವಿಮಾನ ಹತ್ತುವ ಮೊದಲು ಈ ರೋಮಿಂಗ್ ಗುಂಡಿ
ಬೂದಿ ಬಣ್ಣದಲ್ಲಿರಲಿ. ಹಸಿರಾದರೆ
ನೀನು ಮಲಗಿದಾಗ ಅದು ಬೆಕ್ಕಿನ ಹಾಗೆ
ಸದ್ದಿಲ್ಲದೆ ನೆಕ್ಕುತ್ತದೆ, ಬೆಳಿಗ್ಗೆ ಪಾತ್ರೆ ಖಾಲಿ.
ಇಳಿದ ತಕ್ಷಣ ಬಾಗಿಲಲ್ಲೇ ಸಿಮ್ ಮಾರುತ್ತಾರೆ,
ಕೊಳ್ಳಬೇಡ—
"ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಕುಡಿಯೂ ಪೈಕಿ ಅಲ್ಲ ನಾನು."
ಅಳಿಯ ಊರೊಳಗಿನ ಅಂಗಡಿಯಲ್ಲಿ ವಿಚಾರಿಸಲಿ.
ಈ ಹಳೇ ಸಿಮ್ ಮಾತ್ರ ಬಿಸಾಡಬೇಡ,
ಸಣ್ಣ ರೀಚಾರ್ಜು ಹಾಕಿಡುತ್ತೇನೆ, ಜೀವ ಹಿಡಿದಿರಲಿ.
ಬ್ಯಾಂಕಿನವರು ಕರೆಯುವುದು ಇದೇ ಹೆಸರಿನಲ್ಲಿ.
ಮತ್ತೆ, ಮಗಳ ಮನೆಯ ವೈಫೈ ಹಿಡಿದು
ನಿನ್ನ ಮಾತನ್ನು ತುಂಡು ತುಂಡು ಮಾಡಿ
ವಾಟ್ಸಪ್ಪಿನಲ್ಲಿ ಕಳಿಸು. ಪುಕ್ಕಟೆ.

"ಕಳಿಸಿದ್ರೆ ಕೇಳೂರು ಯಾರು?
ನಮ್ಮನೆಯವ್ರದ್ದು ಒತ್ತೂ ಫೋನು,
ಅದೂ ದೇವಗಡದ ದೀಪ ದಾಟಿದ್ರೆ ಮೂಕ."
ಸ್ವಲ್ಪ ಹೊತ್ತು ತಕ್ಕಡಿ ಹಿಡಿದವಳಂತೆ ನಿಂತಳು.
ಆಮೇಲೆ ನನಗೇ ಪಾಠ:
"ನಿನ್ನ ನಂಬರಿಗೆ ಹೊಡೀತೇನೆ. ನೀ ಎತ್ತಬೇಡ.
ಒಂದು ರಿಂಗು, ಮುಟ್ಟಿದೆ.
ಎರಡು, ಹಡೆದಳು.
ಬೋಟು ಬಂದಾಗ ಅವ್ರಿಗೆ ಹೇಳು."

ಗಂಡೋ ಹೆಣ್ಣೋ, ಅದಕ್ಕೆ?
"ಅದಕ್ಕೆ ಬೇರೆ ರಿಂಗು ಎಂತಕ್ಕೆ? ಕೂಸು ಕೂಸೇ."
ಮೂರಾದರೆ?
ಅವಳು ಬುಟ್ಟಿ ಎತ್ತಿ ತಲೆಗಿಟ್ಟುಕೊಂಡಳು.
"ಮೂರಾದ್ರೆ ಎತ್ತು. ದುಡ್ಡು ಹೋದ್ರೆ ಹೋಗ್ಲಿ."

ಮಂಗಳವಾರ ಒಂದು ರಿಂಗು.
ಆಮೇಲೆ ಹದಿನೆಂಟು ದಿನ ಏನೂ ಇಲ್ಲ.
ಗಣಪಣ್ಣ ದಿನಾ ಬಲೆಯ ವಾಸನೆಯೊಂದಿಗೆ ಬಂದು
ಬೀಡಿಗೆ ಬೆಂಕಿ ಕೇಳುವ ನೆವದಲ್ಲಿ
ನನ್ನ ಫೋನಿನ ಮುಖ ನೋಡಿ ಹೋಗುತ್ತಿದ್ದ.

ಹತ್ತೊಂಬತ್ತನೆಯ ಬೆಳಗು, ಐದೂ ಕಾಲು.
ಒಂದು.
ದೂರದ ನಂಬರು, ಕೂಡಿಸಲು ಬಾರದಷ್ಟು ಅಂಕೆ.
ಎರಡು.
ಮಾತಿನ ವ್ಯಾಪಾರ ಮಾಡುವ ನಾನು
ಎತ್ತದೇ ಇರಲು ಇಷ್ಟು ಕಷ್ಟಪಟ್ಟದ್ದು ಅದೇ ಮೊದಲು.
ಮೂರನೆಯದು ಬಾರದಿರಲೆಂದು
ಹಾಸಿಗೆಯಲ್ಲೇ ಕೂತು
ಮೌನವನ್ನು ಎಣಿಸಿದೆ.

ಬಾರಲಿಲ್ಲ.

ಬಂದರಿಗೆ ಓಡಿದೆ. ಬೋಟು ಒಳಗೆ ಬರುತ್ತಿತ್ತು,
ಇಂಜಿನಿನ ಗದ್ದಲದಲ್ಲಿ ಕೂಗು ಕೇಳದು.
ಧಕ್ಕೆಯ ಅಂಚಿನಲ್ಲಿ ನಿಂತು
ಎರಡು ಬೆರಳು ಎತ್ತಿ ಹಿಡಿದೆ.

ಗಣಪಣ್ಣ ಹಗ್ಗ ಕೈಬಿಟ್ಟ.
ಇಡೀ ಬೈತಖೋಲಿಗೆ ಕೇಳುವ ಹಾಗೆ
ಒಂದು ಪೈಸೆ ಖರ್ಚಿಲ್ಲದೆ ಕೂಗಿದ:
"ಅವಳಿಯೇನೋ?"